ಎಲ್ಲದರಲ್ಲೂ ಮುಂದಿದ್ದ ಓಎಸ್/2 ಏಕೆ ಉಳಿಯಲಿಲ್ಲ? ಕಾರ್ಯಾಚರಣ ವ್ಯವಸ್ಥೆಗಳ ಅಳಿವು ಉಳಿವಿನ ಕುರಿತು

ಹಳೆಗಣಕ

ಕಳೆದ ವಾರ ಅಟ್ಟ ಶುಚಿ ಮಾಡುವಾಗ ವಿಂಡೋಸ್‌ನಂತೆಯೇ ಗಣಕವನ್ನು ನಡೆಸುವ, ಐಬಿಎಂನ ಹಳೆಯ ಕಾರ್ಯಾಚರಣ ವ್ಯವಸ್ಥೆ (ಆಪರೇಟಿಂಗ್ ಸಿಸ್ಟಂ) ಓಎಸ್/2 ವಾರ್ಪ್‌ನ ಫ್ಲಾಪಿಗಳ ಕಟ್ಟೊಂದು ಸಿಕ್ಕಿತು. ಕಟ್ಟಿದ್ದ ರಬ್ಬರ್ ಬ್ಯಾಂಡು ಕರಗಿ ಅಂಟಾಗಿ, ಮೊದಲ ಫ್ಲಾಪಿಯ ಚೀಟಿಯನ್ನೇ ಕಿತ್ತುಕೊಂಡು ಬಂತು. 1995ರಲ್ಲಿ ಇದನ್ನು ಯಂತ್ರಕ್ಕೆ ಹಾಕಿಕೊಂಡ ಹೊಸತರಲ್ಲಿ, ಒಂದು ಕಿಟಕಿಯಲ್ಲಿ ಫ್ಲಾಪಿ ಫಾರ್ಮ್ಯಾಟ್ ಆಗುತ್ತಿರುವಾಗಲೇ ಇನ್ನೊಂದರಲ್ಲಿ ಪತ್ರ ಬರೆಯಬಹುದು ಎಂಬುದನ್ನು ತೋರಿಸಲಿಕ್ಕೆಂದೇ ಸ್ನೇಹಿತರನ್ನು ಮನೆಗೆ ಕರೆಯುತ್ತಿದ್ದೆ. ಈಗಿನವರಿಗೆ ನಗು ಬರಬಹುದು. ಆದರೆ ಆಗಿನ ವಿಂಡೋಸ್ 3.1ರಲ್ಲಿ ಅದೇ ಕೆಲಸ ಮುಗಿಯುವವರೆಗೆ ಕೈಕಟ್ಟಿ ಕೂರಬೇಕಾಗಿತ್ತು.

ನನ್ನ ಪ್ರಶ್ನೆ ಇಷ್ಟೆ. ತಾಂತ್ರಿಕವಾಗಿ ಇಷ್ಟು ಮುಂದಿದ್ದ, ಐಬಿಎಂನಂಥ ದೈತ್ಯನೇ ಬೆನ್ನಿಗಿದ್ದ ವ್ಯವಸ್ಥೆ ಏಕೆ ನಿಲ್ಲಲಿಲ್ಲ? ‘ಮೈಕ್ರೋಸಾಫ್ಟ್ ಮೋಸ ಮಾಡಿತು’ ಎಂಬ ಸಿದ್ಧ ಉತ್ತರವನ್ನು ಹತ್ತು ವರ್ಷ ಹೇಳಿಕೊಂಡು ತಿರುಗಿದವರಲ್ಲಿ ನಾನೂ ಒಬ್ಬ. ಹಳೆಯ ಇತಿಹಾಸವನ್ನು ಮತ್ತೆ ನೋಡಿದಾಗ ಆ ಉತ್ತರ ನನಗೇ ತೆಳುವಾಗಿ ಕಂಡಿತು.

1985ರಲ್ಲಿ ಐಬಿಎಂ ಮತ್ತು ಮೈಕ್ರೋಸಾಫ್ಟ್ ಕೂಡಿ, ಆಗಿನ ಪಿಸಿಗಳನ್ನು ನಡೆಸುತ್ತಿದ್ದ ಡಾಸ್‌ನ ಉತ್ತರಾಧಿಕಾರಿಯನ್ನು ಕಟ್ಟಲು ಒಪ್ಪಂದ ಮಾಡಿಕೊಂಡವು. ಅದೇ ವರ್ಷ ಇಂಟೆಲ್ 80386 ಪ್ರೊಸೆಸರನ್ನು ಪ್ರಕಟಿಸಿತ್ತು. ಆದರೆ ಅದರ ಹಿಂದಿನ ಪೀಳಿಗೆಯ 80286 ಇದ್ದ ತನ್ನ ಎಟಿ ಯಂತ್ರಗಳನ್ನು ಕೊಂಡವರಿಗೆ ಮಾತು ಕೊಟ್ಟಾಗಿದೆ ಎಂದು ಐಬಿಎಂ 286ಕ್ಕೇ ಅಂಟಿಕೊಂಡಿತು. ಆ ಪ್ರೊಸೆಸರಿಗೆ ಒಂದು ವಿಚಿತ್ರ ಕೊರತೆಯಿತ್ತು: ಹೆಚ್ಚು ಮೆಮೊರಿ ಬಳಸಲು ಬೇಕಾದ ‘ಸಂರಕ್ಷಿತ ಸ್ಥಿತಿ’ಗೆ (ಪ್ರೊಟೆಕ್ಟೆಡ್ ಮೋಡ್) ಒಮ್ಮೆ ಹೋದ ಮೇಲೆ ಡಾಸ್ ಓಡುವ ಹಳೆಯ ಸ್ಥಿತಿಗೆ ಮರಳಲು ಅದಕ್ಕೆ ನೇರ ದಾರಿಯೇ ಇರಲಿಲ್ಲ, ಪ್ರೊಸೆಸರನ್ನೇ ರೀಸೆಟ್ ಮಾಡಿ ಹಿಂದಕ್ಕೆ ತರಬೇಕಿತ್ತು. ಹೀಗಾಗಿ 1987ರ ಡಿಸೆಂಬರಿನಲ್ಲಿ ಹೊರಬಂದ ಓಎಸ್/2 1.0ರಲ್ಲಿ ಒಂದು ಸಲಕ್ಕೆ ಒಂದೇ ಡಾಸ್ ಪ್ರೋಗ್ರಾಮು ಓಡುತ್ತಿತ್ತು, ಅದೂ ಪೂರ್ತಿ ಪರದೆಯನ್ನು ಆಕ್ರಮಿಸಿಕೊಂಡು, ಹಿಂದಕ್ಕೆ ಸರಿಸಿದರೆ ಅಲ್ಲಿಯೇ ಸ್ತಬ್ಧವಾಗಿ. ಬಳಕೆದಾರರು ಅದಕ್ಕೆ ‘ದಂಡದ ಪೆಟ್ಟಿಗೆ’ ಎಂದೇ ಅಡ್ಡಹೆಸರಿಟ್ಟಿದ್ದರು. ಚಿತ್ರಾತ್ಮಕ ಮುಖ ಬಂದದ್ದು 1988ರ ಅಕ್ಟೋಬರಿನಲ್ಲಿ, 1.1ನೇ ಆವೃತ್ತಿಯೊಂದಿಗೆ. ಅದೇ ವರ್ಷ ಮೆಮೊರಿ ಚಿಪ್ಪುಗಳ ಅಭಾವವಾಗಿ ಬೆಲೆ ಆಕಾಶಕ್ಕೇರಿತ್ತು, ಈ ವ್ಯವಸ್ಥೆಯೋ ಡಾಸ್‌ಗಿಂತ ಹಲವು ಪಟ್ಟು ಮೆಮೊರಿ ಬೇಡುತ್ತಿತ್ತು.

1990ರ ಮೇ ತಿಂಗಳಲ್ಲಿ ವಿಂಡೋಸ್ 3.0 ಬಂತು. ಕಾರ್ಯಾಚರಣ ವ್ಯವಸ್ಥೆ ಎಂದು ಕರೆಯಲೂ ಹಿಂಜರಿಯಬೇಕಾದಂಥ, ಡಾಸ್‌ನ ಹೆಗಲ ಮೇಲೆ ಕೂತ ಒಂದು ಪದರ ಅದು. ಆದರೆ 386 ಯಂತ್ರದಲ್ಲಿ ಜನರ ಬಳಿ ಆಗಲೇ ಇದ್ದ ಡಾಸ್ ಪ್ರೋಗ್ರಾಮುಗಳನ್ನು ಒಂದರ ಪಕ್ಕ ಒಂದು ಓಡಿಸುತ್ತಿತ್ತು. ಉತ್ತರಾಧಿಕಾರಿಯೆಂದು ಪಟ್ಟ ಕಟ್ಟಿಸಿಕೊಂಡದ್ದು ಮಾಡಲಾಗದ್ದನ್ನು ಈ ಜೋಡಣೆ ಮಾಡಿತು. ಅಲ್ಲಿಗೆ ಐಬಿಎಂ, ಮೈಕ್ರೋಸಾಫ್ಟ್ ಇಬ್ಬರ ದಾರಿಯೂ ಬೇರೆಯಾಯಿತು.

ನಂತರ ಐಬಿಎಂ ಪಾಠ ಕಲಿತಿತು, ಅತಿಯಾಗಿಯೇ ಕಲಿತಿತು. 1992ರ ಓಎಸ್/2 2.0ವನ್ನು ‘ಡಾಸ್‌ಗಿಂತ ಉತ್ತಮ ಡಾಸ್, ವಿಂಡೋಸ್‌ಗಿಂತ ಉತ್ತಮ ವಿಂಡೋಸ್’ ಎಂದು ಮಾರಿತು, ಮತ್ತು ಆ ಮಾತು ಬಹುಮಟ್ಟಿಗೆ ನಿಜವೂ ಆಗಿತ್ತು. ಈಗ ತಂತ್ರಾಂಶ ಬರೆಯುವವನ ಜಾಗದಲ್ಲಿ ನಿಂತು ಲೆಕ್ಕ ಹಾಕಿ. ವಿಂಡೋಸ್‌ಗೆ ಬರೆದರೆ ಎರಡೂ ಕಡೆ ಓಡುತ್ತದೆ. ಓಎಸ್/2ಗೆಂದೇ ಬರೆದರೆ ಒಂದೇ ಕಡೆ. ಬುದ್ಧಿಯಿದ್ದವನು ಯಾವುದಕ್ಕೆ ಬರೆಯುತ್ತಾನೆ? ಎದುರಾಳಿಯ ಪ್ರೋಗ್ರಾಮುಗಳನ್ನು ಚೆನ್ನಾಗಿ ಓಡಿಸಿದ್ದೇ ಅದರ ಸ್ವಂತ ಪ್ರೋಗ್ರಾಮುಗಳು ಹುಟ್ಟದಂತೆ ಮಾಡಿತು. ಮುಂದೆ ಮೈಕ್ರೋಸಾಫ್ಟ್, 32 ಬಿಟ್ ಪ್ರೋಗ್ರಾಮುಗಳನ್ನು ವಿಂಡೋಸ್ 3.1ರಲ್ಲಿ ಓಡಿಸುವ ತನ್ನ ವಿನ್32ಎಸ್ ಪದರವನ್ನು ಬದಲಿಸಿದಾಗ ಹೊಸ ಆವೃತ್ತಿಗಳು ಓಎಸ್/2ರಲ್ಲಿ ಓಡದಾದವು, ಬಾಡಿಗೆಗೆ ತಂದ ಜೀವನಾಡಿ ಹಾಗೆ ಕಡಿದುಹೋಯಿತು.

ಆದ್ದರಿಂದ ನನ್ನ ವಾದ: ಕಾರ್ಯಾಚರಣ ವ್ಯವಸ್ಥೆಯ ಆಯುಷ್ಯ ಅದನ್ನು ಕಟ್ಟಿದವರ ಜಾಣತನದಲ್ಲಿರುವುದಿಲ್ಲ, ಅದರ ಮೇಲೆ ಬೇರೆಯವರು ಹೂಡಿದ ದುಡಿಮೆಯಲ್ಲಿರುತ್ತದೆ. ಆ ದುಡಿಮೆ ನಾಳೆಯೂ ನಿಲ್ಲುತ್ತದೆ ಎಂಬ ನಂಬಿಕೆ ಹೋದ ದಿನ ವ್ಯವಸ್ಥೆ ಸಾಯಲು ತೊಡಗುತ್ತದೆ. ಒಪ್ಪದವರು ದಯವಿಟ್ಟು ಉದಾಹರಣೆ ಸಮೇತ ಬರೆಯಿರಿ.

ತುಂಗಾತೀರ

ಒಪ್ಪುವುದಿಲ್ಲ, ಉದಾಹರಣೆಯನ್ನೂ ಕೊಡುತ್ತೇನೆ. ಪ್ರೋಗ್ರಾಮು ಬರೆಯುವವರ ನಂಬಿಕೆಯ ಮಾತು ಬರುವುದು ಗ್ರಾಹಕನ ಮೇಜಿನವರೆಗೆ ತಲುಪಿದ ಮೇಲೆ. ತಲುಪಲು ಬಿಡದಿದ್ದರೆ?

ಆ್ಯಪಲ್ ಬಿಟ್ಟು ಬಂದ ಜಾನ್-ಲೂಯಿ ಗಾಸೆ 1990ರಲ್ಲಿ ‘ಬಿ’ ಎಂಬ ಕಂಪನಿ ಕಟ್ಟಿದರು. ಅವರ ಬಿಓಎಸ್ ಹಳೆಯದೇನನ್ನೂ ಹೊತ್ತುಕೊಳ್ಳದೆ ಹೊಸದಾಗಿ ಬರೆದದ್ದು. ಎರಡು ಪ್ರೊಸೆಸರ್ ಇದ್ದರೆ ಎರಡನ್ನೂ ದುಡಿಸುತ್ತಿತ್ತು, ಸಾಧಾರಣ ಯಂತ್ರದಲ್ಲೇ ಹಲವು ವಿಡಿಯೊಗಳನ್ನು ಏಕಕಾಲಕ್ಕೆ ತಡವರಿಸದೆ ತೋರಿಸುತ್ತಿತ್ತು. 1996ರಲ್ಲಿ ಆ್ಯಪಲ್ ತನ್ನದೇ ಕೋಪ್ಲ್ಯಾಂಡ್ ಯೋಜನೆಯನ್ನು ಕೈಬಿಟ್ಟು ಹೊರಗಿನಿಂದ ವ್ಯವಸ್ಥೆ ಕೊಳ್ಳಲು ಹೊರಟಾಗ ಮೊದಲು ಮಾತುಕತೆ ನಡೆದದ್ದೂ ಇವರೊಂದಿಗೇ. ಬೆಲೆ ಕುದುರಲಿಲ್ಲ, ಆ ಡಿಸೆಂಬರಿನಲ್ಲಿ ಆ್ಯಪಲ್ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಯನ್ನು ಕೊಂಡಿತು.

ಆ ಮೇಲೆ ಬಿ ಕಂಪನಿ ಇಂಟೆಲ್ ಯಂತ್ರಗಳತ್ತ ತಿರುಗಿತು. ಕಾರ್ಖಾನೆಯಲ್ಲೇ ಬಿಓಎಸ್ ತುಂಬಿ, ಯಂತ್ರ ಶುರುವಾದಾಗ ಗ್ರಾಹಕನ ಕಣ್ಣಿಗೆ ಬೀಳುವಂತೆ ಮಾಡುವ ತಯಾರಕರಿಗೆ ಅದನ್ನು ಪುಕ್ಕಟೆಯಾಗಿ ಕೊಡಲು ಮುಂದಾಯಿತು. ಆದರೂ ದೊಡ್ಡ ತಯಾರಕರು ಕೈಚಾಚಲಿಲ್ಲ. ಹಿಟಾಚಿಯ ಕೆಲವು ಯಂತ್ರಗಳಲ್ಲಿ ಬಿಓಎಸ್ ಇದ್ದೂ ಇರದಂತೆ ಡಿಸ್ಕಿನ ಮೂಲೆಯಲ್ಲಿ ಅಡಗಿತ್ತು. ಯಾವುದನ್ನು ತೆರೆಯಬೇಕು ಎಂದು ಕೇಳುವ ಆರಂಭದ ಪಟ್ಟಿಯೇ ಕಾಣುತ್ತಿರಲಿಲ್ಲ. ವಿಂಡೋಸ್ ಪರವಾನಗಿಯ ಷರತ್ತುಗಳೇ ಇದಕ್ಕೆ ಕಾರಣವೆಂದು ಬಿ ಕಂಪನಿ 2002ರಲ್ಲಿ ದಾವೆ ಹೂಡಿತು. ಮರುವರ್ಷ ಮೈಕ್ರೋಸಾಫ್ಟ್ ತಪ್ಪೊಪ್ಪಿಕೊಳ್ಳದೆಯೇ 2.325 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ ಬಿ ಕಂಪನಿಯ ಆಸ್ತಿಯೆಲ್ಲ 1.1 ಕೋಟಿ ಡಾಲರಿಗೆ ಪಾಮ್ ಕಂಪನಿಯ ಪಾಲಾಗಿತ್ತು. ವ್ಯವಸ್ಥೆ ಮಾರಿ ಬಂದ ಹಣಕ್ಕಿಂತ ಅದು ಸತ್ತದ್ದಕ್ಕೆ ಬಂದ ಪರಿಹಾರ ದೊಡ್ಡದು! ಇದರಲ್ಲಿ ನಂಬಿಕೆಯ ಪ್ರಶ್ನೆ ಎಲ್ಲಿದೆ? ಬಾಗಿಲು ಹಾಕಿದ್ದರು, ಅಷ್ಟೆ.

ಹಳೆಗಣಕ

ಬಾಗಿಲು ಹಾಕಿದ್ದು ನಿಜ. ಆದರೆ ಅದೇ ಬಾಗಿಲ ಹೊರಗೆ ಅದೇ ವರ್ಷಗಳಲ್ಲಿ ಲಿನಕ್ಸ್ ಕೂಡ ನಿಂತಿತ್ತು. ಅದನ್ನೂ ದೊಡ್ಡ ತಯಾರಕರು ಮನೆಬಳಕೆಯ ಯಂತ್ರಕ್ಕೆ ತುಂಬಿ ಕಳಿಸುತ್ತಿದ್ದುದು ಅಪರೂಪ. ಅದು ಸರ್ವರ್‌ಗಳ ಹಿಂಬಾಗಿಲಿನಿಂದ ಒಳಗೆ ಹೋಯಿತು. ಅದು ಮಾದರಿಯಾಗಿಟ್ಟುಕೊಂಡ ಹಳೆಯ ವ್ಯವಸ್ಥೆ ಯುನಿಕ್ಸ್‌ಗೆ ಬರೆದಿಟ್ಟ ಪ್ರೋಗ್ರಾಮುಗಳ ರಾಶಿಯೇ ಅದರ ಹಿಂದಿತ್ತು, ಹಳೆಯದೇನೂ ಬೇಡವೆಂದ ಬಿಓಎಸ್‌ಗೆ ಅಂಥ ಬಂಡವಾಳವಿರಲಿಲ್ಲ. ನೀವು ಗುಣವೆಂದು ಹೇಳಿದ್ದನ್ನೇ ನಾನು ಕಾರಣವೆನ್ನುತ್ತೇನೆ.

ಮಾಜಿಸಿಂಬಿಯನ್

ಇಲ್ಲಿ ಎಲ್ಲರೂ ಮೇಜಿನ ಮೇಲಿನ ಗಣಕದ ಬಗ್ಗೆಯೇ ಬರೆಯುತ್ತಿದ್ದಾರೆ. ನಾನು 2004ರಿಂದ 2009ರವರೆಗೆ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ, ಸಿಂಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆಯಿದ್ದ ಫೋನುಗಳಿಗೆ ತಂತ್ರಾಂಶ ಬರೆಯುತ್ತಿದ್ದೆ. ಸತ್ತ ವ್ಯವಸ್ಥೆಯೊಂದರ ಒಳಗೆ ಕೂತು ಸಂಬಳ ಎಣಿಸಿದ್ದರಿಂದ, ಒಳಗಿನಿಂದ ಅದು ಹೇಗೆ ಕಾಣುತ್ತಿತ್ತು ಎಂದು ಹೇಳಬಲ್ಲೆ.

ಸಿಂಬಿಯನ್‌ನ ಮೂಲ ಬ್ರಿಟನ್ನಿನ ಸಿಯಾನ್ ಕಂಪನಿಯ ಎಪಾಕ್32. ಅಂಗೈಯಗಲದ ಗಣಕಗಳಿಗಾಗಿ, ನಾಲ್ಕೆಂಟು ಮೆಗಾಬೈಟ್ ಮೆಮೊರಿಯಲ್ಲಿ ತಿಂಗಳುಗಟ್ಟಲೆ ರೀಸ್ಟಾರ್ಟ್ ಮಾಡದೆ ಓಡಬೇಕೆಂದು ಕಟ್ಟಿದ ವ್ಯವಸ್ಥೆ ಅದು. ಒಂದೊಂದು ಬೈಟಿಗೂ ಲೆಕ್ಕ ಕೊಡಬೇಕು. ಆ ಕಾಲದ ಸಿ++ ಕಂಪೈಲರುಗಳಲ್ಲಿ ದೋಷ ನಿರ್ವಹಣೆ ಸರಿಯಿರದ ಕಾರಣ ಅವರು ತಮ್ಮದೇ ಪದ್ಧತಿ ಕಟ್ಟಿಕೊಂಡರು. ವಸ್ತುವೊಂದನ್ನು ಸೃಷ್ಟಿಸಿದ ಕೂಡಲೇ ಅದನ್ನು ‘ಕ್ಲೀನಪ್ ಸ್ಟ್ಯಾಕ್’ ಎಂಬ ಅಟ್ಟಿಯ ಮೇಲೆ ಇಡಬೇಕು, ಮಧ್ಯದಲ್ಲಿ ಮೆಮೊರಿ ಸಾಲದೆ ಹೋದರೆ ವ್ಯವಸ್ಥೆ ಆ ಅಟ್ಟಿಯಿಂದ ಒಂದೊಂದನ್ನೇ ತೆಗೆದು ಅಳಿಸುತ್ತದೆ, ಕೆಲಸ ಸುರಳೀತವಾಗಿ ಮುಗಿದರೆ ನಾವೇ ನೆನಪಿಟ್ಟು ಕೆಳಗಿಳಿಸಬೇಕು. ಒಂದು ಸಾಧಾರಣ ಪಠ್ಯವನ್ನು ಹಿಡಿದಿಡಲು ಐದಾರು ಬಗೆಯ ‘ಡಿಸ್ಕ್ರಿಪ್ಟರ್’ಗಳಿದ್ದವು, ಯಾವುದನ್ನು ಎಲ್ಲಿ ಬಳಸಬೇಕೆಂಬುದೇ ಹೊಸಬರಿಗೆ ಮೂರು ತಿಂಗಳ ಪಾಠ. ನಮ್ಮಲ್ಲಿಗೆ ಸೇರಿದ ಒಬ್ಬ ಹುಡುಗ ಮೊದಲ ವಾರವಿಡೀ ಕುಳಿತು ಪರದೆಯ ಮೇಲೆ ತನ್ನ ಹೆಸರು ಮತ್ತು ಊರಿನ ಹೆಸರನ್ನು ಜೋಡಿಸಿ ತೋರಿಸುವ ಪ್ರೋಗ್ರಾಮು ಬರೆದ. ಜಾಣ ಹುಡುಗನೇ. ಅವನು ಊರಿನ ಹೆಸರಿಗೆ ಹತ್ತು ಅಕ್ಷರಗಳಷ್ಟೇ ಜಾಗ ಕೊಟ್ಟಿದ್ದ, ಊರು ಚಿಕ್ಕನಾಯಕನಹಳ್ಳಿ. ಫೋನು ಅಲ್ಲೇ ಪ್ಯಾನಿಕ್ ಸಂದೇಶ ಕೊಟ್ಟು ಮುಚ್ಚಿಕೊಂಡಿತು.

ಇಷ್ಟಾದರೂ ಸಿಂಬಿಯನ್ ಕೆಟ್ಟದಾಗಿ ಕಟ್ಟಿದ ವ್ಯವಸ್ಥೆ ಎಂದು ನಾನು ಹೇಳಲಾರೆ. 1997ರಲ್ಲಿ ಆ ಜಿಪುಣತನವೆಲ್ಲ ವಿವೇಕವೇ ಆಗಿತ್ತು. 2007ರ ಹೊತ್ತಿಗೆ ಮೆಮೊರಿ ಅಗ್ಗವಾಗಿತ್ತು, ಜಿಪುಣತನ ಮಾತ್ರ ಹಾಗೆಯೇ ಉಳಿದಿತ್ತು.

ಆದರೆ ನಮ್ಮನ್ನು ಓಡಿಸಿದ್ದು ಈ ಕಷ್ಟವಲ್ಲ. ಕಷ್ಟದ ಭಾಷೆಯನ್ನೂ ಜನ ಕಲಿಯುತ್ತಾರೆ, ಕಲಿತದ್ದು ಉಪಯೋಗಕ್ಕೆ ಬರುವುದಾದರೆ. ನೋಕಿಯಾದ ಎಸ್60, ಸೋನಿ ಎರಿಕ್ಸನ್ ಮತ್ತು ಮೊಟೊರೋಲಾ ಬಳಸಿದ ಯುಐಕ್ಯು, ಜಪಾನಿನಲ್ಲಿ ಮತ್ತೊಂದು. ಹೀಗೆ ಒಂದೇ ಸಿಂಬಿಯನ್‌ಗೆ ಮೂರು ಮುಖಗಳು, ಒಂದಕ್ಕೆ ಬರೆದದ್ದು ಇನ್ನೊಂದಕ್ಕೆ ಆಗದು. ಅದನ್ನೂ ಸಹಿಸಿಕೊಂಡೆವು. ಆಮೇಲೆ ಸಿಂಬಿಯನ್ 9 ಮತ್ತು ಎಸ್60 ಮೂರನೇ ಆವೃತ್ತಿ ಬಂದವು, ಮತ್ತು ನೋಕಿಯಾ 6600ರಂಥ ಹಿಂದಿನ ಫೋನುಗಳಿಗಾಗಿ ತಯಾರಿಸಿದ ಒಂದೇ ಒಂದು ಪ್ರೋಗ್ರಾಮೂ ಹೊಸ ಫೋನುಗಳಲ್ಲಿ ಹಾಗೇ ಓಡುವಂತಿರಲಿಲ್ಲ. ಎರಡು ವರ್ಷ ಬರೆದ ನಿಘಂಟಿನ ಪ್ರೋಗ್ರಾಮನ್ನು ನಾವು ಮೊದಲ ಸಾಲಿನಿಂದ ತಿದ್ದಬೇಕಾಯಿತು. ಜೊತೆಗೆ ಸಹಿಯ ಕಾಟ: ಫೋನಿನ ಕೆಲವು ಸೌಲಭ್ಯಗಳನ್ನು ಮುಟ್ಟಬೇಕಾದರೆ ಪ್ರೋಗ್ರಾಮನ್ನು ಪರೀಕ್ಷೆಗೆ ಕಳಿಸಿ, ಹಣ ಕಟ್ಟಿ, ಸಹಿ ಹಾಕಿಸಿಕೊಂಡು ತರಬೇಕು. ತಿದ್ದುಪಡಿಯಾದರೆ ಮತ್ತೆ ಮೊದಲಿನಿಂದ.

2008ರಲ್ಲಿ ನೋಕಿಯಾ ಸಿಂಬಿಯನ್ನನ್ನು ಪೂರ್ತಿ ಕೊಂಡಿತು. ಪ್ರೋಗ್ರಾಮು ಬರೆಯುವ ಕ್ಯೂಟಿ ಎಂಬ ಸಲಕರಣೆಯ ಒಡೆಯ ಟ್ರೋಲ್‌ಟೆಕ್ ಕಂಪನಿಯನ್ನೂ ಕೊಂಡು ‘ಇನ್ನು ಮೇಲೆ ಕ್ಯೂಟಿಯಲ್ಲಿ ಬರೆಯಿರಿ’ ಎಂದಿತು. ಬರೆಯಲು ಕಲಿತೆವು. 2011ರ ಫೆಬ್ರವರಿಯಲ್ಲಿ ನೋಕಿಯಾದ ಮುಖ್ಯಸ್ಥ ಸ್ಟೀಫನ್ ಎಲೊಪ್ ತಮ್ಮ ಸಿಬ್ಬಂದಿಗೆ ಬರೆದ ‘ಉರಿಯುತ್ತಿರುವ ವೇದಿಕೆ’ಯ ಪತ್ರ ಬಯಲಾಯಿತು, ಕೆಲವೇ ದಿನಗಳಲ್ಲಿ ವಿಂಡೋಸ್ ಫೋನ್‌ಗೆ ಹೋಗುವ ಘೋಷಣೆಯೂ ಆಯಿತು. ಕ್ಯೂಟಿ ಅಲ್ಲಿ ನಡೆಯುವುದಿಲ್ಲ ಎಂಬುದೂ ಜೊತೆಗೇ ತಿಳಿಯಿತು. ನಾನು ಅಷ್ಟರಲ್ಲಿ ಆಂಡ್ರಾಯ್ಡ್‌ಗೆ ಬಂದುಬಿಟ್ಟಿದ್ದೆ. ಹಿಂದೆ ಉಳಿದಿದ್ದ ಸಹೋದ್ಯೋಗಿ ಫೋನ್ ಮಾಡಿ ಒಂದೇ ಮಾತು ಹೇಳಿದರು: ‘ಮೂರನೇ ಸಲ ಒಂದನೇ ತರಗತಿಗೆ ಕೂರಿಸುತ್ತಿದ್ದಾರೆ.’

ಹಳೆಗಣಕ ಅವರ ವಾದ ನನ್ನ ಅನುಭವಕ್ಕೆ ಹೊಂದುತ್ತದೆ. ವಿಂಡೋಸ್ ಫೋನ್ ಅದೇ ತಪ್ಪನ್ನು ಇನ್ನೂ ಬೇಗ ಮಾಡಿತು ಎಂಬುದನ್ನೂ ಸೇರಿಸಬೇಕು. ಲೂಮಿಯಾ 900 ಮಾರುಕಟ್ಟೆಗೆ ಬಂದದ್ದು 2012ರ ಏಪ್ರಿಲಿನಲ್ಲಿ. ಅದಕ್ಕೆ ವಿಂಡೋಸ್ ಫೋನ್ 8 ಬರುವುದಿಲ್ಲ ಎಂದು ತಿಳಿದದ್ದು ಅದೇ ಜೂನಿನಲ್ಲಿ.

ಪ್ರಶ್ನಾರ್ಥಕ

ಹಾಗಾದರೆ ಯುನಿಕ್ಸ್? ಅದೂ ಹತ್ತಾರು ತುಂಡುಗಳಾಗಿ ಒಡೆದಿತ್ತು, ಕಲಿಯಲೂ ಸುಲಭವಿರಲಿಲ್ಲ. ಅದು ಬದುಕಿದ್ದು ಹೇಗೆ?

ಕೊಳವೆಮಾರ್ಗ

ಪ್ರಶ್ನಾರ್ಥಕ ಅವರಿಗೆ: ಯುನಿಕ್ಸ್ ಬದುಕಿದ್ದರಲ್ಲಿ ಒಂದು ಪಾಲು ಅದೃಷ್ಟದ್ದು, ಮತ್ತು ಆ ಅದೃಷ್ಟದ ಹೆಸರು ಅಮೆರಿಕದ ಸ್ಪರ್ಧಾ ಕಾನೂನು. ಎಟಿ ಅಂಡ್ ಟಿ ಕಂಪನಿ 1956ರಲ್ಲಿ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದ ಪ್ರಕಾರ ದೂರವಾಣಿಯ ಹೊರಗಿನ ವ್ಯಾಪಾರಕ್ಕೆ ಕೈಹಾಕುವಂತಿರಲಿಲ್ಲ. ಹಾಗಾಗಿ ಅದರ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಿಂದ ಕಟ್ಟುತ್ತ ಬಂದ ಯುನಿಕ್ಸನ್ನು ಸರಕಾಗಿ ಮಾರುವ ಉತ್ಸಾಹ ಕಂಪನಿಗೆ ಇರಲಿಲ್ಲ. ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ ಮೂಲ ಸಂಕೇತದ (ಸೋರ್ಸ್ ಕೋಡ್) ಸಮೇತ ಕೊಟ್ಟುಬಿಟ್ಟರು. ಬೆಂಬಲ ಇಲ್ಲ, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ ಎಂಬ ಷರತ್ತು. ತಿದ್ದಿಕೊಂಡರು. ಬರ್ಕ್ಲಿಯಲ್ಲಿ ತಿದ್ದಿದ್ದು ಬಿಎಸ್‌ಡಿ ಆಯಿತು.

ಅದೃಷ್ಟದಾಚೆಗಿನ ಪಾಲು ಇನ್ನೂ ದೊಡ್ಡದು. 1973ರಲ್ಲಿ ಯುನಿಕ್ಸನ್ನು ಸಿ ಭಾಷೆಯಲ್ಲಿ ಮತ್ತೆ ಬರೆದರು. ಅಲ್ಲಿಯವರೆಗೆ ಕಾರ್ಯಾಚರಣ ವ್ಯವಸ್ಥೆಯೆಂದರೆ ಒಂದು ಯಂತ್ರದ ಅಂಗ. ಯಂತ್ರ ಮೂಲೆ ಸೇರಿದರೆ ಅದೂ ಸೇರುತ್ತಿತ್ತು. ಕಮೊಡೋರ್ ಕಂಪನಿಯ ಅಮಿಗಾವನ್ನು ನೋಡಿ. 1985ರಲ್ಲೇ ನಿಜವಾದ ಬಹುಕಾರ್ಯ ವ್ಯವಸ್ಥೆಯನ್ನು ಮನೆಬಳಕೆಯ ಗಣಕಕ್ಕೆ ತಂದಿತ್ತು, ಆದರೆ ಅದರ ಪ್ರಾಣವೆಲ್ಲ ವಿಶೇಷವಾಗಿ ತಯಾರಿಸಿದ ಚಿಪ್ಪುಗಳಲ್ಲಿತ್ತು. 1994ರಲ್ಲಿ ಕಂಪನಿ ದಿವಾಳಿಯಾದಾಗ ಚಿಪ್ಪುಗಳೊಂದಿಗೆ ವ್ಯವಸ್ಥೆಯೂ ನಿಂತಿತು. ಯುನಿಕ್ಸ್ ಹಾಗಲ್ಲ. ಅದು ಮೊದಲು ಓಡುತ್ತಿದ್ದ ಪಿಡಿಪಿ ಯಂತ್ರಗಳು ಹೋದವು, ವ್ಯಾಕ್ಸ್ ಹೋಯಿತು, ಪ್ರತಿ ಸಲವೂ ಅದು ಬೇರೆ ಮನೆಗೆ ಸಾಮಾನು ಸಾಗಿಸಿಕೊಂಡಿತು.

ಒಡೆದುಹೋದದ್ದು ನಿಜ, ಅದರಿಂದ ನಷ್ಟವಾದದ್ದೂ ನಿಜ. 1984ರಲ್ಲಿ ಎಟಿ ಅಂಡ್ ಟಿ ವಿಭಜನೆಯಾದ ಮೇಲೆ ಕಂಪನಿಗೆ ಯುನಿಕ್ಸ್ ಮಾರುವ ಸ್ವಾತಂತ್ರ್ಯ ಸಿಕ್ಕಿತು, ಮತ್ತು ಪುಕ್ಕಟೆ ಬೆಳೆದದ್ದಕ್ಕೆ ಬೇಲಿ ಹಾಕುವ ಆಸೆಯೂ ಹುಟ್ಟಿತು. 1992ರಲ್ಲಿ ಬಿಎಸ್‌ಡಿ ವಿರುದ್ಧ ಹೂಡಿದ ಮೊಕದ್ದಮೆ 1994ರವರೆಗೆ ಎಳೆಯಿತು. ಆ ಎರಡು ವರ್ಷ ಬಿಎಸ್‌ಡಿಯನ್ನು ನಂಬಿ ಕೆಲಸ ಹೂಡಲು ಜನ ಹೆದರಿದರು. ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬ 1991ರಲ್ಲಿ ಹವ್ಯಾಸಕ್ಕೆಂದು ಬರೆಯಲಾರಂಭಿಸಿದ ಲಿನಕ್ಸ್ ಆ ಎಡೆಯಲ್ಲಿ ಬೆಳೆಯಿತು. 386ಕ್ಕೆ ಬಿಎಸ್‌ಡಿ ಆಗಲೇ ಲಭ್ಯವಿದ್ದಿದ್ದರೆ ಲಿನಕ್ಸ್ ಬಹುಶಃ ಹುಟ್ಟುತ್ತಲೇ ಇರಲಿಲ್ಲ ಎಂದು ಲೈನಸ್ ಟೊರ್ವಾಲ್ಡ್ಸ್ ತಾವೇ ಹೇಳಿದ್ದಾರೆ.

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಒಂದು ನಿಯಮವಿದೆ: ನಿನ್ನೆ ಓಡಿದ ಬಳಕೆದಾರನ ಪ್ರೋಗ್ರಾಮು ಕರ್ನಲ್ ಬದಲಾಯಿತೆಂದು ಇಂದು ಒಡೆಯಬಾರದು. ಪ್ರೋಗ್ರಾಮೇ ತಪ್ಪಾಗಿ ಬರೆದಿದ್ದರೂ ದೋಷ ಕರ್ನಲಿನದ್ದೇ. ಇದನ್ನು ಮೀರಿದವರನ್ನು ಟೊರ್ವಾಲ್ಡ್ಸ್ ಯಾವ ಭಾಷೆಯಲ್ಲಿ ಬೈದಿದ್ದಾರೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ವಿಂಡೋಸ್ ತಂಡದಲ್ಲೂ ಇಂಥದೇ ಮನೋಧರ್ಮವಿತ್ತು: ಸಿಮ್‌ಸಿಟಿ ಆಟ ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಓದುತ್ತಿತ್ತು, ಡಾಸ್‌ನಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು, ಆ ಆಟ ಓಡುತ್ತಿದ್ದರೆ ಮೆಮೊರಿಯನ್ನು ತಕ್ಷಣ ಹಿಂಪಡೆಯದಿರುವಂತೆ ವಿಂಡೋಸ್ 95ರಲ್ಲಿ ಪ್ರತ್ಯೇಕ ಏರ್ಪಾಟು ಮಾಡಿದರು ಎಂಬ ಪ್ರಸಂಗ ಪ್ರಸಿದ್ಧವಾಗಿದೆ. ನಮ್ಮ ಲಿನಕ್ಸ್ ಡೆಸ್ಕ್‌ಟಾಪಿನವರಿಗೆ ಕರ್ನಲಿನ ಈ ಶಿಸ್ತು ಹತ್ತಲಿಲ್ಲ. ಲೈಬ್ರರಿ ಬದಲಾಗುತ್ತದೆ, ಐದು ವರ್ಷದ ಹಿಂದಿನ ಪ್ರೋಗ್ರಾಮು ತೆರೆಯುವುದಿಲ್ಲ, ಕೇಳಿದರೆ ‘ಮೂಲ ಸಂಕೇತವಿದೆಯಲ್ಲ, ಮತ್ತೆ ಕಂಪೈಲ್ ಮಾಡಿಕೊಳ್ಳಿ’ ಎನ್ನುತ್ತಾರೆ. ಅದೇ ಕರ್ನಲ್ ಆಂಡ್ರಾಯ್ಡ್ ವೇಷದಲ್ಲಿ ಎಲ್ಲರ ಜೇಬಿನಲ್ಲಿದೆ, ಡೆಸ್ಕ್‌ಟಾಪಿನಲ್ಲಿ ಮಾತ್ರ ಮೂಲೆಯಲ್ಲಿದೆ.

ಕಡತವಿಭಾಗ

ನಾನು ತಂತ್ರಜ್ಞನಲ್ಲ, ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಬೆರಳಚ್ಚು ಕೆಲಸ ಮಾಡಿದವಳು. ಈ ಚರ್ಚೆಯನ್ನು ಓದಿದಾಗ ನಮ್ಮ ಕಚೇರಿಯ ಒಂದು ಘಟನೆ ನೆನಪಾಯಿತು.

ಒಮ್ಮೆ ಮೇಲಿನವರ ಆದೇಶದಂತೆ ಎರಡು ಯಂತ್ರಗಳಿಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರು. ಹಾಕಿದ ಹುಡುಗ ಬಹಳ ಉತ್ಸಾಹದಿಂದ, ಪರವಾನಗಿ ಹಣ ಉಳಿಯುತ್ತದೆ, ವೈರಸ್ ಕಾಟವಿಲ್ಲ ಎಂದೆಲ್ಲ ವಿವರಿಸಿದ. ಮರುದಿನ ಹಳೆಯ ಜ್ಞಾಪನವೊಂದನ್ನು ತೆರೆದೆ. ಕನ್ನಡದ ಒಂದಕ್ಷರವೂ ಇಲ್ಲ. ರೋಮನ್ ಅಕ್ಷರಗಳು, ಅವುಗಳ ತಲೆಯ ಮೇಲೆ ಸೊಟ್ಟ ಗೆರೆ, ಚುಕ್ಕೆ, ನಡುನಡುವೆ ಪೌಂಡಿನ ಚಿಹ್ನೆ. ನಮ್ಮ ಕಡತಗಳೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದವು. ಆಗಿನ ನುಡಿ ಕೆಲಸ ಮಾಡುತ್ತಿದ್ದುದು ವಿಂಡೋಸಿನಲ್ಲಿ, ಅದರ ಫಾಂಟ್ ಇಲ್ಲದ ಕಡೆ ಕನ್ನಡವು ಕನ್ನಡವಾಗಿ ಕಾಣುತ್ತಿರಲಿಲ್ಲ. ಲಿನಕ್ಸಿನಲ್ಲಿ ಯೂನಿಕೋಡ್ ಕನ್ನಡ ಬರುತ್ತದೆ, ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೂ ಇದೆ ಎಂದು ಹುಡುಗ ತೋರಿಸಿದ, ಅದೂ ನಿಜವೇ. ಆದರೆ ನನ್ನ ಕಪಾಟಿನಲ್ಲಿದ್ದ ಹದಿಮೂರು ವರ್ಷಗಳ ಪತ್ರಗಳನ್ನು ಯಾರು ಮತ್ತೆ ಟೈಪ್ ಮಾಡುವುದು? ವಾರ ಕಳೆಯುವಷ್ಟರಲ್ಲಿ ಎರಡೂ ಯಂತ್ರಗಳಿಗೆ ವಿಂಡೋಸ್ ವಾಪಸು ಬಂತು.

ನಮಗೆ ವಿಂಡೋಸ್ ಮೇಲೆ ಪ್ರೀತಿಯೇನೂ ಇರಲಿಲ್ಲ. ನಮ್ಮ ಕಾಗದಪತ್ರ ಅಲ್ಲಿತ್ತು.

ಮಾಜಿಸಿಂಬಿಯನ್

ಅಮ್ಮಾ, ನಮ್ಮ ಎಲ್ಲ ವಾದಗಳಿಗಿಂತ ನಿಮ್ಮ ಕೊನೆಯ ವಾಕ್ಯ ಗಟ್ಟಿಯಾಗಿದೆ. ಒಂದು ಪೂರಕ ಸಂಗತಿ: ಕನ್ನಡ ಯೂನಿಕೋಡಿನಲ್ಲಿ 1991ರಿಂದಲೇ ಇತ್ತು, ವಿಂಡೋಸ್‌ನಲ್ಲಿ ಅದು ಸರಿಯಾಗಿ ಮೂಡತೊಡಗಿದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಂದಿಗೆ. ಆ ಹತ್ತು ವರ್ಷಗಳ ಅಂತರದಲ್ಲಿ ಕನ್ನಡದವರು ತಮ್ಮ ದಾರಿ ತಾವೇ ಹುಡುಕಿಕೊಂಡರು, ಆ ದಾರಿ ವಿಂಡೋಸಿನ ಅಂಗಳದಲ್ಲಿ ಹಾದುಹೋಯಿತು. ಮೈಕ್ರೋಸಾಫ್ಟ್ ಇದಕ್ಕಾಗಿ ಕಡ್ಡಿಯನ್ನೂ ಎತ್ತಿಡಬೇಕಾಗಲಿಲ್ಲ.

ತುಂಗಾತೀರ

ಸೋಲೊಪ್ಪುವ ಮೊದಲು ಒಂದು ತಕರಾರು. ನಾವು ‘ಸತ್ತಿತು’ ಎಂಬ ಪದವನ್ನು ಬಹಳ ಸಲೀಸಾಗಿ ಬಳಸುತ್ತಿದ್ದೇವೆ. ನೆಕ್ಸ್ಟ್‌ನ ಗಣಕವನ್ನು 1988ರಲ್ಲಿ 6,500 ಡಾಲರಿಗೆ ಇಟ್ಟರು, ಕೊಳ್ಳುವವರಿಲ್ಲದೆ 1993ರಲ್ಲಿ ಯಂತ್ರ ತಯಾರಿಕೆಯನ್ನೇ ನಿಲ್ಲಿಸಿದರು. ಸೋಲಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಆದರೆ ಟಿಮ್ ಬರ್ನರ್ಸ್-ಲೀ 1990ರಲ್ಲಿ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಮೊದಲ ವೆಬ್ ಬ್ರೌಸರ್ ಬರೆದದ್ದು ಅದರ ಮೇಲೆ, ಮತ್ತು ಇಂದು ಐಫೋನಿಗೆ ಪ್ರೋಗ್ರಾಮು ಬರೆಯುವವರು ‘ಎನ್‌ಎಸ್’ ಎಂದು ಶುರುವಾಗುವ ಹೆಸರುಗಳನ್ನು ಟೈಪ್ ಮಾಡುವಾಗಲೆಲ್ಲ ಬರೆಯುತ್ತಿರುವುದು ನೆಕ್ಸ್ಟ್‌ಸ್ಟೆಪ್‌ನ ಹೆಸರನ್ನೇ. ಡಿಜಿಟಲ್ ಎಂಬ ಹೆಸರಿನ ಕಂಪನಿಯಲ್ಲಿ ವಿಎಂಎಸ್ ವ್ಯವಸ್ಥೆಯನ್ನು ಕಟ್ಟಿದ ಡೇವ್ ಕಟ್ಲರ್ 1988ರಲ್ಲಿ ಮೈಕ್ರೋಸಾಫ್ಟ್‌ಗೆ ಹೋಗಿ ವಿಂಡೋಸ್ ಎನ್‌ಟಿ ಕಟ್ಟಿದರು. ಇಂದಿನ ವಿಂಡೋಸ್ 11ರ ಒಳಗೆ ಕೈಹಾಕಿದರೆ ವಿಎಂಎಸ್‌ನ ಮೂಳೆ ಸಿಗುತ್ತದೆ. ಕ್ಯೂಎನ್‌ಎಕ್ಸ್ ಎಂಬ ವ್ಯವಸ್ಥೆಯ ಮೇಲೆ ಕಟ್ಟಿದ ಬ್ಲ್ಯಾಕ್‌ಬೆರಿ 10 ಫೋನಿನಲ್ಲಿ ನೆಲಕಚ್ಚಿತು, ಅದೇ ಕ್ಯೂಎನ್‌ಎಕ್ಸ್ ಕೋಟ್ಯಂತರ ಕಾರುಗಳಲ್ಲಿ ಓಡುತ್ತಿದೆ. ಎಚ್‌ಪಿ 2011ರಲ್ಲಿ ತನ್ನ ಟಚ್‌ಪ್ಯಾಡ್ ಎಂಬ ಟ್ಯಾಬ್ಲೆಟ್ಟನ್ನು ಏಳು ವಾರಕ್ಕೇ ಕೈಬಿಟ್ಟಾಗ ಅನಾಥವಾದ ವೆಬ್‌ಓಎಸ್ ಈಗ ಎಲ್‌ಜಿ ಟಿವಿಗಳಲ್ಲಿದೆ. ಮೊಜಿಲ್ಲಾ ಕೈಬಿಟ್ಟ ಫೈರ್‌ಫಾಕ್ಸ್ ಓಎಸ್ ಕೈಓಎಸ್ ಆಗಿ 2017ರಲ್ಲಿ ಜಿಯೋಫೋನಿನೊಂದಿಗೆ ನಮ್ಮ ಹಳ್ಳಿಗಳಿಗೇ ಬಂತು.

ಕಾರಿನ ಸಂಗತಿ ಹಳೆಗಣಕ ಅವರ ವಾದಕ್ಕೆ ಹೇಗೆ ಹೊಂದುತ್ತದೆ? ಕಾರಿನ ಮೀಟರ್ ಫಲಕಕ್ಕೆ ಹೊರಗಿನವರು ಪ್ರೋಗ್ರಾಮು ಬರೆಯುವುದೇ ಇಲ್ಲ.

ಹಳೆಗಣಕ

ಅಲ್ಲಿ ‘ಬೇರೆಯವರು’ ಎಂದರೆ ಕಾರು ತಯಾರಕರು. ಸುರಕ್ಷತೆಯ ಪ್ರಮಾಣಪತ್ರಕ್ಕಾಗಿ ಅವರು ಹೂಡಿದ ವರ್ಷಗಳ ಪರೀಕ್ಷೆ ಆ ಕರ್ನಲ್‌ಗೆ ಕಟ್ಟಿಹಾಕಿಕೊಂಡಿರುತ್ತದೆ. ಹೊಂದುತ್ತದೆ ಎಂದೇ ನನ್ನ ಎಣಿಕೆ. ಅಂಗಡಿಯ ಶೆಲ್ಫಿನಲ್ಲಿ ಸೋತ ಓಎಸ್/2 ಕೂಡ ಬ್ಯಾಂಕುಗಳ ಎಟಿಎಂಗಳಲ್ಲಿ, ನ್ಯೂಯಾರ್ಕಿನ ಮೆಟ್ರೊ ಟಿಕೆಟ್ ವ್ಯವಸ್ಥೆಯಲ್ಲಿ ವರ್ಷಗಟ್ಟಲೆ ಓಡಿತು. ಐಬಿಎಂ ಬೆಂಬಲ 2006ರ ಕೊನೆಗೆ ನಿಂತ ಮೇಲೂ ಬೇರೆ ಕಂಪನಿಗಳು ಅದನ್ನು ಮುಂದುವರಿಸಿವೆ. ಈಗ ಅದರ ಹೆಸರು ಆರ್ಕಾಓಎಸ್.

ಬ್ಲ್ಯಾಕ್‌ಬೆರಿ 10ರ ಮಾತು ಬಂದದ್ದು ಒಳ್ಳೆಯದಾಯಿತು. ಅದು ಆಂಡ್ರಾಯ್ಡ್ ಪ್ರೋಗ್ರಾಮುಗಳನ್ನು ಓಡಿಸುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಓಎಸ್/2 ಬಿದ್ದ ಗುಂಡಿ, ಅದೇ ಆಳ. ಈಗ ಹುವಾವೆಯ ಹಾರ್ಮನಿಓಎಸ್ ಇದರ ತದ್ವಿರುದ್ಧವನ್ನು ಪ್ರಯತ್ನಿಸುತ್ತಿದೆ: ಮೊದಲು ಆಂಡ್ರಾಯ್ಡ್ ಪ್ರೋಗ್ರಾಮುಗಳನ್ನು ಓಡಿಸುತ್ತ ಜನರನ್ನು ಕೂಡಿಹಾಕಿಕೊಂಡು, 2024ರ ‘ಹಾರ್ಮನಿಓಎಸ್ ನೆಕ್ಸ್ಟ್’ ಆವೃತ್ತಿಯಲ್ಲಿ ಆ ಸೌಲಭ್ಯವನ್ನು ಕಿತ್ತುಹಾಕಿತು. ಚೀನಾದ ಮಾರುಕಟ್ಟೆಯಷ್ಟು ದೊಡ್ಡ ಕೋಟೆ ಹಿಂದಿದ್ದರೆ ಮಾತ್ರ ಆಡಬಹುದಾದ ಜೂಜು. ಗೆದ್ದರೆ ನನ್ನ ವಾದದ ಅರ್ಧ ಭಾಗವನ್ನು ಹಿಂತೆಗೆದುಕೊಳ್ಳುತ್ತೇನೆ.

ಅಡಕೆತೋಟ

ತಡವಾಗಿ ಬಂದೆ. 1994ರಲ್ಲಿ ನಮ್ಮೂರಿನ ಅಡಕೆ ಮಾರಾಟದ ಸಂಘವೊಂದಕ್ಕೆ ಡಾಸ್ ಮೇಲೆ ಫಾಕ್ಸ್‌ಪ್ರೊ ಎಂಬ ದತ್ತಾಂಶ ತಂತ್ರಾಂಶದಲ್ಲಿ ತೂಕದ ಚೀಟಿಯ ಪ್ರೋಗ್ರಾಮು ಬರೆದುಕೊಟ್ಟಿದ್ದೆ. ವಿಂಡೋಸ್ 98, ಎಕ್ಸ್‌ಪಿ, 7, ಎಲ್ಲದರಲ್ಲೂ ಒಂದು ಸಾಲು ತಿದ್ದದೆ ಓಡಿತು. ಹೋದ ತಿಂಗಳು ಹೊಸ ಯಂತ್ರ ತಂದರು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮುಗಳನ್ನು ಮುಟ್ಟುವುದೇ ಇಲ್ಲ. ಮೈಕ್ರೋಸಾಫ್ಟ್ ಮಾತು ಉಳಿಸಿಕೊಳ್ಳುತ್ತದೆ ಎನ್ನುವವರು ಇದಕ್ಕೇನು ಹೇಳುತ್ತೀರಿ?

ಕೊಳವೆಮಾರ್ಗ

ಮೂವತ್ತು ವರ್ಷ ಉಳಿಸಿಕೊಂಡಿತಲ್ಲ! ವರ್ಚುವಲ್ ಯಂತ್ರವೊಂದನ್ನು, ಅಂದರೆ ಗಣಕದೊಳಗೆ ತಂತ್ರಾಂಶದಿಂದಲೇ ಇನ್ನೊಂದು ಗಣಕವನ್ನು ಕಟ್ಟಿ ಅದರೊಳಗೆ ಫ್ರೀಡಾಸ್ ಹಾಕಿ. ಮೈಕ್ರೋಸಾಫ್ಟ್ ಡಾಸ್‌ಗೆ ಮಂಗಳ ಹಾಡಲಿದೆ ಎಂದು ತಿಳಿದಾಗ, 1994ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ಶುರು ಮಾಡಿದ್ದು, ಇಂದಿಗೂ ಹೊಸ ಆವೃತ್ತಿ ಬರುತ್ತಿದೆ. ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್ ಆಟಗಳಿಗೆ ಚೆನ್ನ, ಮುದ್ರಣಕ್ಕೆ ಒದ್ದಾಡಿಸುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಪ್ಯಾರಲಲ್ ಪೋರ್ಟು ಹೊಸ ಯಂತ್ರದಲ್ಲಿ ಇರುವುದಿಲ್ಲ, ಅದಕ್ಕೊಂದು ಕಾರ್ಡು ಕೊಳ್ಳಬೇಕಾದೀತು.

ಅಡಕೆತೋಟ

ಫ್ರೀಡಾಸ್ ಹಾಕಿದೆ, ನಡೆಯುತ್ತಿದೆ. ಪ್ರಿಂಟರಿಗೆ ಎರಡು ದಿನ ಹೋರಾಡಬೇಕಾಯಿತು. ವರ್ಚುವಲ್ ಯಂತ್ರ ಎಂದರೇನೆಂದು ಸಂಘದ ಗುಮಾಸ್ತರಿಗೆ ಅರ್ಧ ಗಂಟೆ ವಿವರಿಸಿದೆ. ತಾಳ್ಮೆಯಿಂದ ಕೇಳಿ, ‘ಅದೆಲ್ಲ ಇರಲಿ, ಎಫ್3 ಒತ್ತಿದರೆ ಚೀಟಿ ಬರುತ್ತದಲ್ಲ?’ ಎಂದರು. ಬರುತ್ತದೆ ಎಂದೆ. ಒತ್ತಿ ನೋಡಿ, ಚೀಟಿ ಹರಿದುಕೊಂಡು, ಹೊರಗೆ ಕಾಯುತ್ತಿದ್ದ ಜೀಪಿನವನನ್ನು ಕರೆದರು.